ಮಗಳಿಗೊಂದು ಪತ್ರ: ಕಾರವಾರದ ಸೆಕೆ, ಟೆಂಟ್ ಆಸ್ಪತ್ರೆ

ಕೂಸೆ,

ಮೇ ತಿಂಗಳಲ್ಲಿ ಕಾರವಾರದ ಕಡಲ ದಂಡೆಯ ಟೆಂಟಿನಲ್ಲಿ ನರ್ಸ್ ಡ್ಯೂಟಿ ಅಂದೆಯಲ್ಲ. ಸಿರ್ಸಿ ಜಾತ್ರೆ ಕ್ಯಾಂಪಿನ ರೂಢಿಯನ್ನೇ ಅಲ್ಲೂ ನಡೆಸಬೇಡ. ಘಟ್ಟದ ಮೇಲೆ ಮಾರ್ಚಿನ ಗಾಳಿ ಒಣಗಾಳಿ. ಒದ್ದೆ ಬಟ್ಟೆ ಹೊದಿಸಿ ಫ್ಯಾನ್ ಬಿಟ್ಟರೆ ಮೈ ತಣ್ಣಗಾಗುತ್ತದೆ. ಕೆಳಗೆ ಕಡಲ ತೇವಕ್ಕೆ ಬೆವರೇ ಆರುವುದಿಲ್ಲ, ಬಟ್ಟೆ ಎಲ್ಲಿಂದ ಆರಬೇಕು? ಅಲ್ಲಿ ಐಸ್ ಬೇಕು. ಬೈತಖೋಲ ಬಂದರಿನ ಮೀನಿನ ಐಸನ್ನೇ ಬೆಳಿಗ್ಗೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ತರಿಸಿಡು. ಅದು ಮೈಗೆ ಮಾತ್ರ, ಕುಡಿಯಲು ಅಲ್ಲ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆ, ಇಲ್ಲದಿದ್ದರೆ ಯಾರೋ ಶರಬತ್ತಿಗೆ ಹಾಕಿಬಿಡುತ್ತಾರೆ.

ಬಿಸಿಲಲ್ಲಿದ್ದವರು ತಡವರಿಸಿ ಮಾತಾಡಿದರೆ, ಸಿಟ್ಟಿಗೆದ್ದು ಕೂಗಾಡಿದರೆ, ಫಿಟ್ಸ್ ಬಂದರೆ ಹೀಟ್ ಸ್ಟ್ರೋಕ್ ಎಂದೇ ಹಿಡಿ. ಮೈ ಒಣಗಿರಲೇಬೇಕೆಂದಿಲ್ಲ; ದುಡಿಯುತ್ತಿದ್ದವರು ಬೆವರುತ್ತಲೇ ಬೀಳುತ್ತಾರೆ. ಬಗಲಿನ ಥರ್ಮಾಮೀಟರ್, ಹಣೆಗೆ ಹಿಡಿಯುವ ಗನ್ ಎರಡೂ ಕಡಿಮೆ ತೋರಿಸುತ್ತವೆ, ಗುದದ್ವಾರದಲ್ಲೇ ನೋಡು. 40 ಡಿಗ್ರಿ ದಾಟಿತ್ತೆಂದರೆ ಆಂಬುಲೆನ್ಸ್‌ಗೆ ಫೋನ್ ಮಾಡಿಸು, ಆದರೆ ಅದು ಬರಲೆಂದು ಕಾಯುತ್ತ ಕೂರಬೇಡ. ಮೊದಲು ತಂಪು, ಆಮೇಲೆ ಪ್ರಯಾಣ.

ಗಟ್ಟಿಮುಟ್ಟಾದ ಆಳಾದರೆ ತಾಡಪಾಲಿನ ಮೇಲೆ ಮಲಗಿಸಿ, ನಾಲ್ಕೈದು ಜನ ಅಂಚು ಎತ್ತಿ ಹಿಡಿಯಿರಿ. ಏಳೆಂಟು ಕೊಡ ನೀರು, ಐಸ್ ಸುರಿದು ಆಚೀಚೆ ತೂಗಿ. ನಿಂತ ನೀರು ಮೈಗೆ ತಾಗಿದಲ್ಲಿ ಬಿಸಿಯಾಗಿಬಿಡುತ್ತದೆ, ಅದಕ್ಕೇ ತೂಗುವುದು. ತಲೆ ಎತ್ತಿ ಹಿಡಿಯಲು ಒಬ್ಬರು ಬೇರೆಯೇ ಇರಲಿ, ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಬೇಕು. ಅರ್ಧ ಗಂಟೆಯೊಳಗೆ 39ಕ್ಕೆ ಇಳಿಯಬೇಕು. ಇಳಿದ ಕೂಡಲೇ ನಿಲ್ಲಿಸು. ವಯಸ್ಸಾದವರಿಗೆ ಕುತ್ತಿಗೆ, ಬಗಲು, ತೊಡೆಸಂದಿಗೆ ಬಟ್ಟೆ ಸುತ್ತಿದ ಐಸ್, ಜೊತೆಗೆ ತಣ್ಣೀರು, ಫ್ಯಾನ್. ಪ್ಯಾರಾಸಿಟಮಾಲ್ ಕೊಡಲೇಬೇಡ: ಇದು ಸೋಂಕಿನ ಜ್ವರವಲ್ಲ, ಗುಳಿಗೆಗೆ ಇಳಿಯದು, ಮೊದಲೇ ಬೆಂದ ಲಿವರಿಗೆ ಇನ್ನೊಂದು ಪೆಟ್ಟು. ಸಕ್ಕರೆಯನ್ನೂ ಒಮ್ಮೆ ಚುಚ್ಚಿ ನೋಡು, ಶುಗರ್ ಇಳಿದವರೂ ಹೀಗೇ ಬಡಬಡಿಸುತ್ತಾರೆ. ಸ್ಟ್ರಿಪ್ ಡಬ್ಬಿ ಬಿಸಿಲಲ್ಲಿತ್ತಾದರೆ ಆ ಅಂಕಿ ನಂಬಬೇಡ.

ಓಆರ್‌ಎಸ್‌ನಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. 20.5 ಗ್ರಾಂ ಪ್ಯಾಕೆಟ್ ಪೂರ್ತಿ ಒಂದು ಲೀಟರಿಗೆ. ಅದನ್ನು ಒಂದೇ ಲೋಟಕ್ಕೆ ಸುರಿದು ಮಗುವಿಗೆ ಕುಡಿಸಿದರೆ ರಕ್ತದಲ್ಲಿ ಉಪ್ಪು ಏರಿ ಜೀವಕ್ಕೇ ಕುತ್ತು. ನಿನ್ನ ಕಣ್ಣೆದುರೇ ಕದಡಿಸು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಬೇಡ.

ಟಿಡಿ (ಧನುರ್ವಾಯು, ಗಂಟಲಮಾರಿ) ಲಸಿಕೆ, ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಟೆಂಟಿನಲ್ಲಿ ಎಲ್ಲರಿಗೂ ಬಿಸಿಯದೇ ಚಿಂತೆ, ಆದರೆ ಇವೆರಡೂ ಹೆಪ್ಪುಗಟ್ಟಿದರೂ ಕೆಡುತ್ತವೆ. ಐಸ್‌ಪ್ಯಾಕ್ ಅಲ್ಲಾಡಿಸಿದಾಗ ಒಳಗೆ ನೀರು ಸದ್ದು ಮಾಡಿದ ಮೇಲಷ್ಟೇ ಲಸಿಕೆ ಪೆಟ್ಟಿಗೆಗೆ ಹಾಕು.

ಮಾಡಿನ ತಾಡಪಾಲಿನ ಮೇಲೆ ಒಂದಡಿ ಜಾಗ ಬಿಟ್ಟು ಇನ್ನೊಂದು ಕಟ್ಟಿಸು. ಮಧ್ಯಾಹ್ನದ ಗಾಳಿ ಕಡಲಿಂದ; ಪಡುವಣದ ಪರದೆ, ಎದುರಿನದೂ ಎತ್ತಿರಲಿ.

ನೀನು ಬಾಯಾರಲು ಕಾಯಬೇಡ, ಇಪ್ಪತ್ತು ನಿಮಿಷಕ್ಕೊಂದು ಲೋಟ ಕುಡಿ. ಶೌಚಾಲಯ ದೂರವೆಂದು ನೀರು ಬಿಡುವುದು ನರ್ಸುಗಳ ಹಳೇ ಚಟ. ಅದನ್ನು ಟೆಂಟಿನ ಹತ್ತಿರವೇ ಮಾಡಿಸಿಕೊಡಿ ಅಂತ ಮೊದಲ ದಿನವೇ ಜಗಳ ಮಾಡು. ಮುರುಗಲ (ಕೋಕಂ) ಸಿಪ್ಪೆ ಕಳಿಸಿದ್ದೇನೆ, ಪಾನಕಕ್ಕೆ ಉಪ್ಪು ಮರೆಯಬೇಡ.

ನಿನ್ನ ಆಯಿ