ಡೆಂಗಿ ಒಮ್ಮೆ ಬಂದವರೂ ಹುಷಾರಾಗಿರಿ

ನಿಟುವಳ್ಳಿ ಗುಂಪಿನ ಎಲ್ಲರಿಗೂ ನಮಸ್ಕಾರ. "ನಮ್ಮನೇಲಿ ಎಲ್ಲರಿಗೂ ಡೆಂಗಿ ಬಂದು ಹೋಗಿದೆ, ಇನ್ನು ಬರಲ್ಲ" ಎಂದು ಕೆಲವರು ಬರೆದಿದ್ದೀರಿ. ದಯವಿಟ್ಟು ಹಾಗೆ ನಂಬಿ ಕೂರಬೇಡಿ. ಡೆಂಗಿ ವೈರಸ್‌ನಲ್ಲಿ 4 ಬಗೆ ಇವೆ. ಒಂದು ಬಂದು ಹೋದರೆ ಅದೊಂದರ ವಿರುದ್ಧ ಮಾತ್ರ ಬಹುಕಾಲ ರಕ್ಷಣೆ ಸಿಗುತ್ತದೆ. ಉಳಿದ ಮೂರರ ವಿರುದ್ಧ ಸ್ವಲ್ಪ ಕಾಲ ಅಷ್ಟೇ. ಆಮೇಲೆ ಬೇರೆ ಬಗೆ ತಗುಲಿದರೆ, ಹಳೆಯ ಪ್ರತಿಕಾಯಗಳೇ (ಮೊದಲ ಸಲ ವೈರಸ್ ವಿರುದ್ಧ ಹೋರಾಡಲು ದೇಹ ತಯಾರಿಸಿದ್ದವು) ವೈರಸ್ ಜೀವಕೋಶದೊಳಗೆ ನುಗ್ಗಲು ನೆರವಾಗಬಹುದು. ಎರಡನೇ ಸಲ ಕಾಯಿಲೆ ಜೋರಾಗುವ ಅಪಾಯ ಜಾಸ್ತಿ. ಚಿಕುನ್‌ಗುನ್ಯ ಹಾಗಲ್ಲ, ಒಮ್ಮೆ ಬಂದವರಿಗೆ ಸಾಮಾನ್ಯವಾಗಿ ಮತ್ತೆ ಬರುವುದಿಲ್ಲ.

ಡೆಂಗಿ ಹರಡುವ ಸೊಳ್ಳೆ ತುಂಬಿಟ್ಟ ನೀರಲ್ಲಿ ಬೆಳೆಯುತ್ತದೆ. ಆದರೆ ನೀರು ತುಂಬಿಡುವುದು ನಮಗೆ ತಪ್ಪಿದ್ದಲ್ಲ ಅಲ್ವಾ? ಸಂಪು, ಡ್ರಮ್ಮಿನ ಮುಚ್ಚಳ ಬಿಗಿಯಾಗಿರಲಿ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ಒಳಬದಿ ಉಜ್ಜಿ ತೊಳೆಯಿರಿ. ಸುಮ್ನೆ ನೀರು ಚೆಲ್ಲಿದರೆ ಸಾಲದು. ಸೊಳ್ಳೆ ಮೊಟ್ಟೆ ಅಲ್ಲೇ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಉಳಿಯುತ್ತದೆ.