ಕಟ್ಟಡದ ಪರ್ಮಿಟ್ ಕೊಡುವ ಮೊದಲು ಪಕ್ಕದವರಿಗೂ ಒಂದು ಮಾತು ತಿಳಿಸಿ

ಮಾನ್ಯ ಸಂಪಾದಕರೇ,

ನಮ್ಮದು ಮಂಜೇಶ್ವರ ತಾಲೂಕಿನ ಒಳಭಾಗದ ಅಡಿಕೆ ತೋಟ. ಮನೆಗೆ ಬಾವಿ ಇಲ್ಲ. ಕುಡಿಯಲಿಕ್ಕೂ ತೋಟಕ್ಕೂ ಸುರಂಗದ ನೀರೇ, ಅಂದರೆ ಗುಡ್ಡೆಗೆ ಅಡ್ಡವಾಗಿ ಕೊರೆದ ದಾರಿಯಲ್ಲಿ ಒಸರಿ ಬರುವ ನೀರು. ನಮ್ಮ ಮಾವ ಮೂರು ಬೇಸಗೆ ಪಿಕ್ಕಾಸು ಹಿಡಿದು ಗುಡ್ಡೆ ಕೊರೆದು ಮಾಡಿದ್ದು ಅದು. ಒಬ್ಬ ಆಳು ಹೋಗುವಷ್ಟೇ ಅಗಲ. ಒಳಗೆ ದೀಪ ಇಟ್ಟುಕೊಂಡು ಅಗೆಯುತ್ತಿದ್ದರಂತೆ. ದೀಪ ಮಂಕಾದರೆ ಗಾಳಿ ಸಾಲದು ಎಂದು ಹೊರಗೆ ಓಡಿ ಬರುತ್ತಿದ್ದರಂತೆ. ಸುರಂಗದ ಬಾಯಿ ನಮ್ಮ ಜಾಗದಲ್ಲಿದೆ. ಆದರೆ ಅದರ ಕೊನೆ ಮೇಲಿನ ಜಾಗದ ಅಡಿಯಲ್ಲಿದೆ. ಅಗೆಯುವಾಗ ಆ ಗುಡ್ಡೆ ಪಾಲಾಗಿರಲಿಲ್ಲ.

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ಸುರಂಗದಿಂದ ನೀರು ಹರಿಸುವ ದಂಬೆಯಲ್ಲಿ ಬಂದ ನೀರು ಕಾವಿ ಕಲಸಿದ ಹಾಗೆ ಕೆಂಪಾಗಿತ್ತು. ಕೊಡದ ಅಡಿಯಲ್ಲಿ ಎರಡು ಬೆರಳು ಮಣ್ಣು ಕೂತಿತ್ತು. ಗುಡ್ಡೆ ಹತ್ತಿ ನೋಡಿದರೆ ಜೆಸಿಬಿ ಮಣ್ಣು ತೆಗೆಯುತ್ತಾ ಇದೆ. ಜಾಗ ಕೊಂಡವರು ಮನೆ ಕಟ್ಟಲು ನೆಲ ಸಮ ಮಾಡಿಸುತ್ತಿದ್ದರು. ಪಂಚಾಯತ್ ಕೊಟ್ಟ ಪರ್ಮಿಟ್ ಅವರ ಕೈಯಲ್ಲೇ ಇತ್ತು.

ಅವರ ಮೇಲೆ ನನಗೆ ಸಿಟ್ಟಿಲ್ಲ. "ಅಕ್ಕಾ, ಅಡಿಯಲ್ಲಿ ಸುರಂಗ ಉಂಟು ಅಂತ ಯಾರೂ ಹೇಳಲೇ ಇಲ್ಲ. ಗೊತ್ತಿದ್ದರೆ ಮನೆಯನ್ನು ಆಚೆ ಬದಿಗೆ ಸರಿಸುತ್ತಿದ್ದೆ" ಎಂದರು. ಅವರ ಮುಖ ನೋಡಿದರೆ ಸತ್ಯ ಹೇಳುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ಆದರೆ ಅಷ್ಟರಲ್ಲಿ ಸುರಂಗದ ಒಳಗೆ ಕುಸಿದಾಗಿತ್ತು.

ನನ್ನ ಪ್ರಶ್ನೆ ಇಷ್ಟೇ. ಅರ್ಜಿ ಬಂದ ದಿನವೇ ಸುತ್ತಲಿನ ನಾಲ್ಕು ಮನೆಗೆ ಒಂದು ಕಾಗದ ಕಳಿಸಲು ಎಷ್ಟು ಖರ್ಚು? ಕೇರಳದ 2019ರ ಪಂಚಾಯತ್ ಕಟ್ಟಡ ನಿಯಮದಲ್ಲಿ ನೆರೆಯವರ ನೆನಪು ಇಲ್ಲವೆಂದಲ್ಲ. ಗಡಿಗೆ ತಾಗಿಸಿ ಗೋಡೆ ಕಟ್ಟುವುದಾದರೆ ಪಕ್ಕದ ಜಾಗದವರ ಲಿಖಿತ ಒಪ್ಪಿಗೆ ಬೇಕು. ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಕಕ್ಕಸು ಗುಂಡಿ ಮಾಡುವ ಹಾಗಿಲ್ಲ. ಒಳ್ಳೆಯ ನಿಯಮಗಳೇ. ಆದರೆ ಪಕ್ಕದವರ ಬಾವಿ ಎಲ್ಲಿದೆ ಎಂದು ಪಕ್ಕದವರನ್ನು ಕೇಳದೆ ತಿಳಿಯುವುದು ಹೇಗೆ? ಬಾವಿಯಾದರೂ ಕಣ್ಣಿಗೆ ಕಾಣುತ್ತದೆ. ಸುರಂಗ ಕಾಣುವುದೇ ಇಲ್ಲ ಅಲ್ವಾ? ಅದು ನಕ್ಷೆಯಲ್ಲಿ ಇಲ್ಲ, ಜಾಗದ ಆಧಾರಪತ್ರದಲ್ಲಿ ಇಲ್ಲ. ಊರಿನ ಹಳಬರ ಬಾಯಲ್ಲಿ ಮಾತ್ರ ಇದೆ. ಈಗ ಅರ್ಜಿಯೆಲ್ಲ ಕಂಪ್ಯೂಟರಿನಲ್ಲೇ ಹೋಗುತ್ತದೆ. ಬೇಗ ಆಗಲಿ, ಸಂತೋಷ. ಆದರೆ ಗುಡ್ಡೆಯ ಹೊಟ್ಟೆಯೊಳಗೆ ಏನಿದೆ ಎಂದು ಕಂಪ್ಯೂಟರಿಗೆ ಗೊತ್ತಿಲ್ಲ.

ನೆರೆಯವರ ಕೈಗೆ ತಡೆ ಹಾಕುವ ಅಧಿಕಾರ ಕೊಡಿ ಎಂದು ನಾನು ಕೇಳುತ್ತಿಲ್ಲ. ಹಾಗೆ ಮಾಡಿದರೆ ಹಳೇ ಜಗಳ ಇದ್ದವರು ಸುಮ್ನೆ ಅಡ್ಡಿ ಮಾಡುತ್ತಾರೆ, ಅದು ನನಗೂ ಗೊತ್ತು. ತಿಳಿಸಿ, ಹದಿನೈದು ದಿನ ಕಾಯಿರಿ, ಹೇಳಿದ್ದನ್ನು ಸ್ಥಳಕ್ಕೆ ಬಂದು ನೋಡಿ, ಆಮೇಲೆ ಪರ್ಮಿಟ್ ಕೊಡಿ. ಮಣ್ಣು ತೆಗೆಯುವ ಕೆಲಸ ಇದ್ದರಂತೂ ಇದು ಬೇಕೇ ಬೇಕು. ಇನ್ನೊಂದು ಮಾತು. ಆ ಕಾಗದ ಕನ್ನಡದಲ್ಲಿಯೂ ಇರಲಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡಿಗರಿಗೆ ಕಚೇರಿಯ ಜೊತೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ನನ್ನ ಅತ್ತೆಗೆ ಎಂಬತ್ತು ದಾಟಿದೆ. ಸುರಂಗ ಎಲ್ಲಿ ತಿರುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗುಡ್ಡೆಯ ಮೇಲೆ ನಿಂತು ಕೋಲಿನಲ್ಲಿ ತೋರಿಸಬಲ್ಲವರು ನಮ್ಮಲ್ಲಿ ಅವರೊಬ್ಬರೇ. ಅವರಿಗೆ ಮಲಯಾಳ ಓದಲು ಬರುವುದಿಲ್ಲ.

ಒಂದು ರಾತ್ರಿಯಲ್ಲಿ ತುಂಬುತ್ತಿದ್ದ ತೊಟ್ಟಿ ಈಗ ತುಂಬಲು ಎರಡು ದಿನ ಬೇಕು. ಗುಡ್ಡೆಯ ಇನ್ನೊಂದು ಬದಿಯಲ್ಲೂ ಹೋದ ವಾರ ಅಳತೆ ಮಾಡಿ ಕಲ್ಲು ಹಾಕಿದ್ದಾರೆ. ಆ ಬದಿಯಲ್ಲಿ ಇನ್ನೆರಡು ಮನೆಯವರ ಸುರಂಗ ಇದೆ. ಆ ಅರ್ಜಿ ಬರುವ ಮೊದಲೇ ಪಂಚಾಯತಿನವರು ಈ ಪತ್ರ ಓದಲಿ.

– ಒಬ್ಬ ಕೃಷಿಕ ಮಹಿಳೆ, ಮಂಜೇಶ್ವರ ತಾಲೂಕು