ಎರಡು ನಿಮಿಷ ಎರಡು ಸೆಕೆಂಡಿನ ಲೆಕ್ಕ ಕೊಡಿ

ತೀರ್ಥಹಳ್ಳಿ ತಾಲ್ಲೂಕು
16 ಜೂನ್ 2025

ಇವರಿಗೆ:
ಗ್ರಾಹಕ ದೂರು ವಿಭಾಗದ ಮುಖ್ಯಸ್ಥರು
(ಶಿವಮೊಗ್ಗ ಶಾಖೆಯ ಮೂಲಕ)

ವಿಷಯ: ಮೇ 25ರ ರಾತ್ರಿ ವಿಶ್ವ ಐಸ್ ಹಾಕಿ ಚಾಂಪಿಯನ್‌ಷಿಪ್‌ನ ಫೈನಲ್ ಪಂದ್ಯದ ಟಿ.ವಿ. ಪ್ರಸಾರವನ್ನು ಪಂದ್ಯ ಮುಗಿಯುವ ಮುನ್ನವೇ ಕಡಿದುಹಾಕಿದ್ದು ಮತ್ತು ಜೂನ್ 9ರಂದು ನಿಮ್ಮ ಕಚೇರಿಯಲ್ಲಿ ನನಗಾದ ಅವಮಾನ.

ಮಾನ್ಯರೇ,

ಇದು ನನ್ನ ಐದನೆಯ ದೂರು. ಮೊದಲ ಮೂರನ್ನು ಫೋನಿನಲ್ಲಿ ಹೇಳಿದೆ, ನಾಲ್ಕನೆಯದಕ್ಕೆ ಖುದ್ದಾಗಿ ಬಂದೆ. ನಾಲ್ಕು ಸಲವೂ ದನಿ ಏರಿಸಲಿಲ್ಲ. ನಿನ್ನೆ ಸಂಜೆ ನಿಮ್ಮಿಂದ ಮೊಬೈಲ್‌ಗೆ ಸಂದೇಶ ಬಂದಿತು: ‘ನಿಮ್ಮ ದೂರನ್ನು ತೃಪ್ತಿಕರವಾಗಿ ಬಗೆಹರಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ?’ ಯಾರ ತೃಪ್ತಿ ಅದು? ಯಾವ ಕೈ ಅದನ್ನು ಬಗೆಹರಿಸಿತು? ಆ ಸಂದೇಶ ಓದಿದ ಮೇಲೆ ಇನ್ನು ಫೋನ್ ಮಾಡುವುದಿಲ್ಲ ಎಂದು ತೀರ್ಮಾನಿಸಿ ಈ ಪತ್ರ ಬರೆಯುತ್ತಿದ್ದೇನೆ.

ವರ್ಷದ ಕ್ರೀಡಾ ಪ್ಯಾಕ್‌ಗೆ ನಾನು 1,499 ರೂಪಾಯಿ ಕಟ್ಟಿದ್ದೇನೆ. ನಿಮ್ಮ ಷರತ್ತುಗಳನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ. ಪಂದ್ಯವನ್ನು ‘ಅಧಿಕೃತ ಮುಕ್ತಾಯದವರೆಗೆ’ ತೋರಿಸುತ್ತೇವೆ ಎಂಬ ಮಾತು 11ನೆಯ ಷರತ್ತಿನಲ್ಲಿ ಯಾಕೆ ಇದೆ ಎಂಬುದು ಅದನ್ನು ಬರೆದವರಿಗೆ ಗೊತ್ತೇ ಇರುತ್ತದೆ. ಹೆಚ್ಚುವರಿ ಅವಧಿ ಆಟದ ಭಾಗವೇ ಹೊರತು ಮೇಲೆ ಕೊಡುವ ಕೊಸರಲ್ಲ.

ನಡೆದದ್ದು ಇಷ್ಟು. ಫೈನಲ್ ಇದ್ದದ್ದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ, ಅಮೆರಿಕ ಮತ್ತು ಸ್ವಿಟ್ಜರ್ಲೆಂಡ್ ನಡುವೆ. ಅಲ್ಲಿನ ರಾತ್ರಿ 8.20 ಎಂದರೆ ನಮಗೆ 11.50. ಆ ದಿನ ಮುಂಗಾರು ಮೊದಲೇ ಬಂದು ಹಂಚಿನ ಮೇಲೆ ಹುಯ್ಯುತ್ತಿತ್ತು. ಕರೆಂಟು ಹೋದರೂ ತೊಂದರೆಯಾಗಬಾರದೆಂದು ಬ್ಯಾಟರಿಗೆ ಸಂಜೆಯೇ ನೀರು ತುಂಬಿಸಿಟ್ಟಿದ್ದೆ. ರಜೆಗೆ ಬಂದಿದ್ದ ಮೊಮ್ಮಗಳು ಕಂಬಳಿ ಹೊದ್ದು ನನ್ನ ಪಕ್ಕದಲ್ಲಿ ಕುಳಿತಿದ್ದಳು. ಮೊದಲ ಇಪ್ಪತ್ತು ನಿಮಿಷ ಗೋಲಿಲ್ಲ. ಎರಡನೆಯ ಇಪ್ಪತ್ತರಲ್ಲೂ ಇಲ್ಲ. ಮೂರನೆಯ ಅವಧಿಯೂ ಮುಗಿದಾಗ ಫಲಕದ ಮೇಲೆ 0–0. ಸ್ವಿಟ್ಜರ್ಲೆಂಡಿನ ಗೋಲ್‌ಕೀಪರ್ ಲಿಯೊನಾರ್ಡೊ ಜೆನೊನಿ, 37 ವರ್ಷದ ಮನುಷ್ಯ, ಬಂದದ್ದನ್ನೆಲ್ಲ ತಡೆದು ನಿಂತಿದ್ದ. ಎದುರಿನ ಜೆರೆಮಿ ಸ್ವೇಮನ್ ಕೂಡ ಒಂದನ್ನೂ ಬಿಟ್ಟಿರಲಿಲ್ಲ. ಇನ್ನು ಹೆಚ್ಚುವರಿ ಆಟ, ಮೂವರ ಎದುರು ಮೂವರು, ಮೊದಲ ಗೋಲು ಹೊಡೆದವರಿಗೆ ಚಿನ್ನ. ಆಟಗಾರರು ಮತ್ತೆ ಮಂಜುಗಡ್ಡೆಯ ಮೇಲೆ ಇಳಿಯುವುದನ್ನು ಕಾಯುತ್ತಿದ್ದೆವು. ಗಡಿಯಾರದಲ್ಲಿ 2.10. ಪರದೆ ಒಮ್ಮೆ ಕಪ್ಪಾಯಿತು. ಮರುಕ್ಷಣವೇ ಯಾವುದೋ ಹಳೆಯ ಕ್ರಿಕೆಟ್ ಪಂದ್ಯದ ಮುಖ್ಯಾಂಶಗಳು ಶುರುವಾದವು.

‘ಅಜ್ಜ, ಆಟ ಮುಗಿಯಿತೇ?’ ಎಂದಳು ಮಗು. ಏನೆಂದು ಹೇಳಲಿ?

ಮಳೆಯಿಂದ ಕೇಬಲ್ ಕಡಿದಿರಬೇಕು ಎಂಬುದು ನಿಮ್ಮವರ ಮೊದಲ ಉತ್ತರ. ಕೇಬಲ್ ಕಡಿದಿದ್ದರೆ ಕ್ರಿಕೆಟ್ ಹೇಗೆ ಬಂದಿತು? ಚೆಂಡಿನ ಹೊಲಿಗೆ ಕಾಣುವಷ್ಟು ಸ್ಪಷ್ಟವಾಗಿ ಬರುತ್ತಿತ್ತು. ನಿಮ್ಮ ವೇಳಾಪಟ್ಟಿಯಲ್ಲಿ ಆ ಪಂದ್ಯಕ್ಕೆ 2.10ರವರೆಗೆ ಎಂದು ಬರೆದಿತ್ತು. 2.10 ಆಯಿತು, ನೀವು ಬದಲಿಸಿದಿರಿ. ಮಳೆಯ ಮೇಲೆ ತಪ್ಪು ಹೊರಿಸಬೇಡಿ. ಮಲೆನಾಡಿನವರಿಗೆ ಮಳೆಯ ತಪ್ಪು ಯಾವುದು, ಮನುಷ್ಯರ ತಪ್ಪು ಯಾವುದು ಎಂಬುದು ಚೆನ್ನಾಗಿ ಗೊತ್ತು.

ಬೆಳಗ್ಗೆ ಆರಕ್ಕೆ ನಿಮ್ಮದೇ ಸಂದೇಶ ಬಂದಿತು: ‘ಅಮೆರಿಕ ವಿಶ್ವ ಚಾಂಪಿಯನ್! ಪಂದ್ಯವನ್ನು ಮತ್ತೆ ನೋಡಿ.’ ಮತ್ತೆ ನೋಡೋಣವೆಂದು ತೆರೆದರೆ ಆ ರೆಕಾರ್ಡ್ ಮಾಡಿದ ಪಂದ್ಯವೂ 0–0ಕ್ಕೆ ನಿಂತಿತ್ತು. ಫಲಿತಾಂಶ ಹೇಳಿ ಕುತೂಹಲ ಕೆಡಿಸಿದಿರಿ, ಆ ಫಲಿತಾಂಶ ಹೇಗೆ ಬಂದಿತೆಂಬುದನ್ನು ತೋರಿಸಲಿಲ್ಲ.

ಇನ್ನು ಜೂನ್ 9ರ ಸೋಮವಾರದ ಮಾತು. ಇದನ್ನು ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಅಲ್ಲಿದ್ದವರು ಇದನ್ನು ನಿಮಗೆ ಬೇರೆ ರೀತಿ ಹೇಳಿರುತ್ತಾರೆ.

ಅಂದು ಮಳೆ ಬಿಟ್ಟು ಹೊಳವಾಗಿತ್ತು. ಅಡಿಕೆ ತೋಟ ಇಟ್ಟುಕೊಂಡವನಿಗೆ ಜೂನ್ ತಿಂಗಳ ಒಂದು ಹೊಳವಿನ ದಿನ ಎಂದರೆ ಏನು ಎಂಬುದು ಶಿವಮೊಗ್ಗದಲ್ಲಿ ಕಚೇರಿ ನಡೆಸುವ ನಿಮಗೆ ತಿಳಿದಿರಬೇಕು. ಮೈಲುತುತ್ತ, ಸುಣ್ಣ ತಂದಿಟ್ಟಾಗಿತ್ತು, ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡ ಬರಲು ಒಪ್ಪಿದ್ದ. ಅವನಿಗೆ ನಾಳೆ ಬಾ ಎಂದು ಹೇಳಿ, ಬೆಳಗಿನ ಬಸ್ಸು ಹಿಡಿದು, ಮಂಡಗದ್ದೆ ದಾಟಿ ಶಿವಮೊಗ್ಗಕ್ಕೆ ಬಂದೆ. ನಿಮ್ಮ ಬಾಗಿಲು ತೆರೆಯುವಾಗ ಹತ್ತು ಗಂಟೆ. ನನಗೆ ಕೊಟ್ಟ ಚೀಟಿಯ ಸಂಖ್ಯೆ 14. ಕರೆದಾಗ ಹನ್ನೊಂದೂ ಮುಕ್ಕಾಲು.

ಕೌಂಟರಿನ ಹುಡುಗನಿಗೆ ನಮಸ್ಕಾರ ಹೇಳಿ, ಮನೆಯಲ್ಲಿ ಬರೆದುಕೊಂಡು ಹೋಗಿದ್ದ ಒಂದು ಹಾಳೆ ಕೊಟ್ಟೆ. ಯಾವ ಗಂಟೆಗೆ ಏನಾಯಿತು, ಯಾವ ದಿನ ಯಾವ ಸಂಖ್ಯೆಯ ದೂರು ಕೊಟ್ಟೆ, ಎಲ್ಲ ಅದರಲ್ಲಿತ್ತು. ಅವನು ಅದನ್ನು ಮನಸ್ಸಿನಲ್ಲಿ ಓದಬಹುದಾಗಿತ್ತು. ಪಕ್ಕದ ಮೇಜಿನವನಿಗೆ ಕೇಳಲೆಂದು ಗಟ್ಟಿಯಾಗಿ ಓದಿದ. ‘ಐಸ್ ಹಾಕಿ’ ಎಂಬಲ್ಲಿ ನಿಲ್ಲಿಸಿ, ‘ಐಸ್ ಮೇಲೆ ಹಾಕಿಯಂತೆ!’ ಎಂದು ನಕ್ಕ. ಪಕ್ಕದವನೂ ನಕ್ಕ. ಸಾಲಿನಲ್ಲಿದ್ದ ಇಬ್ಬರು ನಕ್ಕರು. ಬೆಂಚಿನ ಮೇಲೆ ನಮ್ಮ ಅಡಿಕೆ ಮಂಡಿಯ ಗುಮಾಸ್ತರು ಕುಳಿತಿದ್ದರು. ಇಪ್ಪತ್ತು ವರ್ಷದಿಂದ ನನ್ನನ್ನು ಬಲ್ಲವರು ಅವರು, ಮುಖ ಆ ಕಡೆ ತಿರುಗಿಸಿದರು. ಆ ನಗೆಗಿಂತ ಅವರು ಮುಖ ತಿರುಗಿಸಿದ್ದು ನನಗೆ ಹೆಚ್ಚು ನೋವು ಕೊಟ್ಟಿತು.

‘ಅಂಕಲ್, ಇಂಡಿಯಾ ಆಡುತ್ತಿತ್ತೇ?’ ಎಂದು ಹುಡುಗ ಕೇಳಿದ.

ಇಲ್ಲ ಎಂದೆ.

‘ಮತ್ತೆ ನಿಮಗೇಕೆ ಬೇಕು? ಈ ವಯಸ್ಸಿನಲ್ಲಿ ರಾತ್ರಿ ಎರಡು ಗಂಟೆಯವರೆಗೆ ಎದ್ದಿರಬಾರದು, ಬಿ.ಪಿ. ಬರುತ್ತದೆ.’

ನನ್ನ ಬಿ.ಪಿ. ಬಗ್ಗೆ ದೂರು ಕೊಡಲು ಬಂದಿಲ್ಲ ಎಂದೆ. ಅವನು ತನ್ನ ಕಂಪ್ಯೂಟರಿನಲ್ಲಿ ಏನೋ ಒತ್ತಿ, ‘ನೋಡಿ, 1–0, ಅಮೆರಿಕ ಗೆದ್ದಿದೆ. ಗೊತ್ತಾಯಿತಲ್ಲ, ಇನ್ನೇನು?’ ಎಂದ. ನನಗೆ ಬೇಕಾದದ್ದು ಅಂಕಿಯಲ್ಲ, ಆಟ ಎಂದೆ. ಆಗ ಒಳಗಿನಿಂದ ಮೇಲ್ವಿಚಾರಕರು ಬಂದರು. ಕೈಯಲ್ಲಿ ಚಹಾ ಲೋಟ ಇತ್ತು. ಕುಳಿತುಕೊಳ್ಳಿ ಎನ್ನಲಿಲ್ಲ. ಹುಡುಗ ಹೇಳಿದ್ದನ್ನು ಕೇಳಿಸಿಕೊಂಡು, ಎರಡು ಗುಟುಕು ಕುಡಿದು, ಇಡೀ ಹಜಾರಕ್ಕೆ ಕೇಳುವಂತೆ ಹೇಳಿದ ಮಾತು ಇದು: ‘ಅರವತ್ತು ನಿಮಿಷ ತೋರಿಸಿದ್ದೇವೆ. ಅದರಲ್ಲಿ ಒಂದು ಗೋಲೂ ಇಲ್ಲ. ಹೋಗಿದ್ದು ಎರಡೇ ನಿಮಿಷ. ಎರಡು ನಿಮಿಷಕ್ಕೆ ಎಷ್ಟು ರೂಪಾಯಿ ಆಗುತ್ತದೆ, ಲೆಕ್ಕ ಹಾಕಿ ಕೊಟ್ಟು ಕಳುಹಿಸಿ.’ ಹುಡುಗ ನಿಜವಾಗಿಯೂ ಮೇಜಿನ ಖಾನೆ ಎಳೆದ. ಒಂದು ರೂಪಾಯಿಯ ನಾಣ್ಯವನ್ನು ಕೌಂಟರಿನ ಗಾಜಿನ ಮೇಲಿಟ್ಟು, ಬೆರಳಿನಿಂದ ನನ್ನ ಕಡೆಗೆ ತಳ್ಳಿದ. ಆ ನಾಣ್ಯ ಗಾಜಿನ ಮೇಲೆ ಜಾರಿ ಬಂದು ನನ್ನ ಛತ್ರಿಯ ಹಿಡಿಗೆ ತಗುಲಿ ನಿಂತಿತು.

ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದವನು ನಾನು. ಯಾರ ಮುಂದೆಯೂ ಕಾಸಿಗೆ ಕೈ ಒಡ್ಡಿದವನಲ್ಲ. ನಾಣ್ಯ ಮುಟ್ಟಲಿಲ್ಲ. ‘ಬಂದಿದ್ದಕ್ಕೆ ಒಂದು ಸಹಿ ಹಾಕಿ’ ಎಂದು ಅವನು ಒಂದು ಕಾಗದ ಕೊಟ್ಟ, ಕಣ್ಣು ಮಂಜಾಗಿ ಓದದೆ ಸಹಿ ಹಾಕಿದೆ. ಆ ಸಹಿಯೇ ಈಗ ನಿಮ್ಮ ದಾಖಲೆಯಲ್ಲಿ ನನ್ನ ‘ತೃಪ್ತಿ’ ಆಗಿದೆ. ಮೋಸ ಎಂಬ ಪದ ಬಿಟ್ಟು ಇದಕ್ಕೆ ಬೇರೆ ಪದ ನನಗೆ ತಿಳಿದಿಲ್ಲ.

ನನಗೇಕೆ ಬೇಕು ಎಂದು ಕೇಳಿದರಲ್ಲ, ಹೇಳುತ್ತೇನೆ. ಸೇವೆಯಲ್ಲಿದ್ದಾಗ ಎರಡು ಚಳಿಗಾಲ ಲೇಹ್‌ನಲ್ಲಿ ಕಳೆದಿದ್ದೇನೆ. ಅಲ್ಲಿ ಕರ್ಜೂ ಕೊಳ ಹೆಪ್ಪುಗಟ್ಟುತ್ತದೆ. ರಾತ್ರಿ ಬಕೆಟ್ಟಿನಲ್ಲಿ ನೀರು ಸುರಿದರೆ ಬೆಳಗಾಗುವಷ್ಟರಲ್ಲಿ ಕನ್ನಡಿಯಂಥ ನೆಲ. ಹುಡುಗರು ಬೂಟಿನ ಅಡಿಗೆ ಕಬ್ಬಿಣದ ಪಟ್ಟಿ ಜಡಿದುಕೊಂಡು ಆಡುತ್ತಿದ್ದರು. ನೀರು ಹೊತ್ತವರಲ್ಲಿ ನಾನೂ ಒಬ್ಬ. ಈ ಆಟದಲ್ಲಿ ಚೆಂಡಿಲ್ಲ, ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆ, ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ಪುಟಿಯದಿರಲೆಂದು ಪಂದ್ಯಕ್ಕೆ ಮುನ್ನ ಅದನ್ನೂ ಹಿಮಗಟ್ಟಿಸುತ್ತಾರೆ. ಅಂಥ ಒಂದು ಬಿಲ್ಲೆ ಕೊಳದಂಚಿನಲ್ಲಿ ನಿಂತಿದ್ದ ನನ್ನ ಮೊಣಕಾಲಿಗೆ ಬಡಿದು ತಿಂಗಳುಗಟ್ಟಲೆ ಕುಂಟಿದ್ದೇನೆ. ಆ ನೋವಿನಿಂದಲೇ ಈ ಆಟ ನನಗೆ ಅಂಟಿಕೊಂಡಿತು. ನಿಮ್ಮ ಹುಡುಗ ಇಂಡಿಯಾ ಎಲ್ಲಿ ಎಂದು ಕೇಳಿದ ದಿನಕ್ಕೆ ಮೂರು ದಿನ ಮೊದಲಷ್ಟೇ, ಯು.ಎ.ಇ.ಯ ಅಲ್ ಐನ್‌ನಲ್ಲಿ ಮುಗಿದ ಮಹಿಳೆಯರ ಏಷ್ಯಾ ಕಪ್‌ನಲ್ಲಿ ನಮ್ಮ ದೇಶದ ಹೆಣ್ಣುಮಕ್ಕಳು ಕಂಚು ಗೆದ್ದಿದ್ದರು. ಹೆಚ್ಚಿನವರು ಲಡಾಖಿನವರು. ಅದೂ ಇದೇ ಆಟ.

ಇನ್ನು ಆ ‘ಎರಡೇ ನಿಮಿಷ’. ಇದೇ ಟೂರ್ನಿಯಲ್ಲಿ ಡೆನ್ಮಾರ್ಕ್ ತನ್ನ ಹರ್ನಿಂಗ್ ಪಟ್ಟಣದಲ್ಲಿ ಕೆನಡಾವನ್ನು ಎಂಟರ ಘಟ್ಟದಲ್ಲಿ 2–1ರಿಂದ ಸೋಲಿಸಿತು. ಹೆಸರಾಂತ ಆಟಗಾರ ಸಿಡ್ನಿ ಕ್ರಾಸ್ಬಿ ಇದ್ದ ಕೆನಡಾ ತಂಡವದು. ಡೆನ್ಮಾರ್ಕಿನ ಎರಡೂ ಗೋಲುಗಳು ಬಂದದ್ದು ಕೊನೆಯ ಮೂರು ನಿಮಿಷದೊಳಗೆ, ಎರಡನೆಯದು ಬಂದಾಗ ಉಳಿದಿದ್ದದ್ದು 49 ಸೆಕೆಂಡು. ಆ ಪಂದ್ಯ ಹೆಚ್ಚುವರಿ ಅವಧಿಗೆ ಹೋಗಲಿಲ್ಲ, ನಿಮ್ಮ ವೇಳಾಪಟ್ಟಿಯೊಳಗೆ ಮುಗಿಯಿತು, ಹಾಗಾಗಿ ನಮಗೆ ಸಿಕ್ಕಿತು. ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಆರು ರನ್‌ಗಳಿಂದ ಗೆದ್ದಾಗ ನಾನೂ ಕುರ್ಚಿಯಿಂದ ಎದ್ದು ನಿಂತಿದ್ದೆ. ಅಂದು ಕೊನೆಯ ಓವರನ್ನು ಕಡಿದುಹಾಕಿ, ಹೋಗಿದ್ದು ಆರೇ ಎಸೆತ ಎಂದು ಹೇಳುವ ಧೈರ್ಯ ನಿಮಗಿತ್ತೇ? ನಿಮ್ಮ ಕಚೇರಿಯ ಗಾಜು ಉಳಿಯುತ್ತಿತ್ತೇ? ಐಸ್ ಹಾಕಿ ನೋಡುವವನು ಒಬ್ಬನೇ, ಅವನು ಕೂಗಾಡುವುದಿಲ್ಲ ಎಂದು ಗೊತ್ತಿದ್ದೇ ನಾಣ್ಯ ತಳ್ಳಿದಿರಿ.

ಫೈನಲ್‌ನ ಹೆಚ್ಚುವರಿ ಆಟ ನಡೆದ ಆ ಎರಡು ನಿಮಿಷ ಎರಡು ಸೆಕೆಂಡಿನಲ್ಲಿ ಆದದ್ದನ್ನು ಪತ್ರಿಕೆಯಲ್ಲಿ ಓದಿ ತಿಳಿದುಕೊಂಡೆ. ಅಮೆರಿಕದ ಟೇಜ್ ಥಾಂಪ್ಸನ್ ಹೊಡೆದ ಬಿಲ್ಲೆ ಜೆನೊನಿಯನ್ನು ದಾಟಿ ಒಳಗೆ ಹೋಯಿತು. 39 ಹೊಡೆತ ತಡೆದಿದ್ದ ಆತ ನಲವತ್ತನೆಯದಕ್ಕೆ ಸೋತ. ಸೋತ ಮೇಲೂ ಟೂರ್ನಿಯ ಅತ್ಯುತ್ತಮ ಆಟಗಾರ ಅವನೇ. ಸ್ವಿಟ್ಜರ್ಲೆಂಡ್ 2013, 2018, 2024ರಲ್ಲಿ ಫೈನಲ್ ಸೋತಿತ್ತು, ಇದು ನಾಲ್ಕನೆಯದು, ಅಂದಿನವರೆಗೂ ಆ ದೇಶಕ್ಕೆ ಒಂದು ಚಿನ್ನವೂ ಸಿಕ್ಕಿರಲಿಲ್ಲ. ಅಮೆರಿಕಕ್ಕಾದರೆ, 1960ರ ಒಲಿಂಪಿಕ್ ಚಿನ್ನವನ್ನು ವಿಶ್ವ ಪ್ರಶಸ್ತಿಯಾಗಿ ಎಣಿಸಿದ್ದನ್ನು ಬಿಟ್ಟರೆ, 1933ರ ನಂತರ ಇದೇ ಮೊದಲ ಗೆಲುವು.

ಗೆದ್ದ ಹುಡುಗರು ಮಂಜುಗಡ್ಡೆಯ ಮೇಲೆ ಜಾನಿ ಗೋಡ್ರೊ ಅವರ 13ನೆಯ ಸಂಖ್ಯೆಯ ಅಂಗಿ ಹಿಡಿದು ನಿಂತರಂತೆ. ಹಿಂದಿನ ಆಗಸ್ಟ್‌ನಲ್ಲಿ ಸೈಕಲ್ ತುಳಿಯುತ್ತಿದ್ದಾಗ ಕಾರು ಗುದ್ದಿ ತಮ್ಮನ ಜೊತೆಗೇ ತೀರಿಕೊಂಡ ಆಟಗಾರ ಅವರು. ತೀರಿಕೊಂಡ ಜೊತೆಗಾರನ ಅಂಗಿಯನ್ನು ಮಡಿಸಿ ಟ್ರಂಕಿಗೆ ಹಾಕಿ ಅವನ ಊರಿಗೆ ಕಳುಹಿಸಿದ ಕೈ ಇದು. ಆ ಅಂಗಿಯನ್ನು ಎಲ್ಲರ ನಡುವೆ ಎತ್ತಿ ಹಿಡಿದ ಕ್ಷಣವನ್ನು ನಾನು ನೋಡಬೇಕಾಗಿತ್ತು, ಮೊಮ್ಮಗಳಿಗೆ ತೋರಿಸಬೇಕಾಗಿತ್ತು. ಅದಕ್ಕೆ ನಿಮ್ಮ ಖಾನೆಯಲ್ಲಿ ಎಷ್ಟು ನಾಣ್ಯವಿದೆ?

ನನ್ನ ಬೇಡಿಕೆ ಹೆಚ್ಚಿನದಲ್ಲ. ಹೆಚ್ಚುವರಿ ಅವಧಿ ಮತ್ತು ಪದಕ ಸಮಾರಂಭ ಸೇರಿದ ಪೂರ್ತಿ ಪಂದ್ಯವನ್ನು ನಿಮ್ಮ ಸಂಗ್ರಹಕ್ಕೆ ಹಾಕಿ. ‘ತೃಪ್ತಿಕರ’ ಎಂದು ಬರೆದದ್ದನ್ನು ಅಳಿಸಿ. ಆ ಮೇಲ್ವಿಚಾರಕರು ಲಿಖಿತವಾಗಿ ಕ್ಷಮೆ ಕೇಳಲಿ. ಹಣ ವಾಪಸು ಕೊಡುವಿರೋ ಬಿಡುವಿರೋ ನಿಮಗೆ ಬಿಟ್ಟದ್ದು, ಈಗ ಅದು ನನಗೆ ಮುಖ್ಯವಲ್ಲ.

ಹದಿನೈದು ದಿನ ಕಾಯುತ್ತೇನೆ. ಜೂನ್ 30ರ ಸಂಜೆಯೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸುತ್ತೇನೆ, ಮರುದಿನವೇ ಶಿವಮೊಗ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮೆಟ್ಟಿಲು ಹತ್ತುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಷ್ಟು ಸಣ್ಣ ಮೊತ್ತದ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ನಾನೇ ನಿಂತು ವಾದಿಸಬಹುದು. ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ, ನಾನು ಎರಡು ದಿನವೂ ತಡಮಾಡುವುದಿಲ್ಲ. ವೇಳಾಪಟ್ಟಿಯ ಚಿತ್ರ, ನಿಮ್ಮ ಬೆಳಗಿನ ಸಂದೇಶ, 14ನೆಯ ಸಂಖ್ಯೆಯ ಚೀಟಿ, ಮೂರು ದೂರಿನ ಸಂಖ್ಯೆಗಳು, ಎಲ್ಲವೂ ಒಂದು ಕಡತದಲ್ಲಿವೆ. ಮಂಡಿಯ ಗುಮಾಸ್ತರು ಮೊನ್ನೆ ತಾವಾಗಿಯೇ ಮನೆಗೆ ಬಂದು, ಕರೆದರೆ ಸಾಕ್ಷಿ ಹೇಳುತ್ತೇನೆ ಎಂದು ಹೋಗಿದ್ದಾರೆ. ನಮ್ಮ ಊರಿನಲ್ಲಿ ನಿಮ್ಮ ಸಂಪರ್ಕ ಇರುವುದು ಮೂವತ್ತೊಂದು ಮನೆಗೆ. ಈ ಪತ್ರದ ಪ್ರತಿ ಮೂವತ್ತೊಂದು ಮನೆಗೂ ತಲುಪಿದೆ, ಮುಂದಿನ ಭಾನುವಾರ ಮಾಜಿ ಸೈನಿಕರ ಸಭೆಯಲ್ಲಿ ಓದಿ ಹೇಳುತ್ತೇನೆ. ಜುಲೈ 1ರಂದು ನಾನು ಮತ್ತೆ ನಿಮ್ಮ ಕೌಂಟರಿಗೆ ಬರುತ್ತೇನೆ, ಅಂದು ಹೊಳವಿರಲಿ, ಜಡಿಮಳೆಯಿರಲಿ. ನಿಮ್ಮ ಪೆಟ್ಟಿಗೆ, ರಿಮೋಟು, ತಂತಿ ಎಲ್ಲವನ್ನೂ ಅದೇ ಗಾಜಿನ ಮೇಲಿಟ್ಟು, ರಸೀದಿ ಕೇಳುತ್ತೇನೆ, ಅದರ ಮೇಲೆ ಮೇಲ್ವಿಚಾರಕರ ಸಹಿ ಬೇಕು. ಆ ದಿನ ನಾನು ಒಬ್ಬನೇ ಬರುವುದಿಲ್ಲ.

ಇಂತಿ,
ನಿಮ್ಮ ಚಂದಾದಾರ, ನಿವೃತ್ತ ಹವಾಲ್ದಾರ